ವಿಸಿಮ್ ಎಂದರೆ ಎಂಟು

ಉಕ್ರೇನಿನ ಭಾಷೆಯಲ್ಲಿ ನನಗೆ ಹದಿನಾಲ್ಕರವರೆಗೆ ಎಣಿಸಲು ಬರುತ್ತಿತ್ತು. ಬಾರದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಹದಿನಾಲ್ಕೇ ಯಾಕೆಂದರೆ ನಮ್ಮ ಕಟ್ಟಡದ ಮೆಟ್ಟಿಲು ಹದಿನಾಲ್ಕು. ಈ ಪರದೇಶದಲ್ಲಿ, ಮಾರಿಸ್‌ಟೌನ್ ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಎರಡಂತಸ್ತಿನ ಹಳೆಯ ಇಟ್ಟಿಗೆ ಕಟ್ಟಡ. ಮೇಲಂತಸ್ತಿನಲ್ಲಿ ಎದುರು ಬದುರಾಗಿ ಎರಡು ಮನೆ. ಒಂದರಲ್ಲಿ ಮಗಳ ಸಂಸಾರ ಮತ್ತು ನಾನು. ಇನ್ನೊಂದರಲ್ಲಿ ಉಕ್ರೇನಿನ ಒಬ್ಬ ಹುಡುಗಿ. ಯುದ್ಧ ಶುರುವಾದ ಮೇಲೆ ಅವಳು ತಾಯಿಯನ್ನು ಅಲ್ಲಿಂದ ಕರೆಸಿಕೊಂಡಳು. ಆ ತಾಯಿಗೆ ನನಗಿಂತ ಐದಾರು ವರ್ಷ ಕಡಿಮೆ ಇರಬೇಕು. ಮಂಡಿನೋವು ಮಾತ್ರ ನನ್ನಷ್ಟೇ.

ಚಳಿಗಾಲದಲ್ಲಿ ಹೊರಗೆ ಐಸ್. ಜಾರಿ ಬಿದ್ದರೆ ಮಗಳು ರಜೆ ಹಾಕಬೇಕು ಎಂದು ನಾನು ಬಾಗಿಲ ಹೊರಗೆ ಕಾಲಿಡುತ್ತಿರಲಿಲ್ಲ. ಡಾಕ್ಟರು ನಡೆಯಲೇಬೇಕು ಎಂದಿದ್ದರು. ಹಾಗಾಗಿ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಒಳಗಿನ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಿದ್ದೆ. ಒಂದು ದಿನ ಎದುರು ಮನೆಯ ಆ ತಾಯಿಯೂ ಬಂದಳು. ನಾನು ಕೈಕಂಬಿ ಹಿಡಿದು ಒಂದು, ಎರಡು ಎಂದು ಎಣಿಸುತ್ತ ಹತ್ತುತ್ತಿದ್ದರೆ ಹಿಂದಿನಿಂದ ಆಕೆ ಒದಿನ್, ದ್ವಾ, ತ್ರಿ ಎನ್ನುತ್ತ ಬಂದಳು. ತ್ರಿ ಎಂದರೆ ಮೂರು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿರುಗಿ ನೋಡಿ ಮೂರು ಬೆರಳು ತೋರಿಸಿದೆ. ಆಕೆ ಕೈಕಂಬಿ ತಟ್ಟಿ ನಕ್ಕಳು.

ನಮ್ಮ ಶಾಲೆ ಶುರುವಾದದ್ದು ಹೀಗೆ. ಊರಿನಲ್ಲಿ ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆಮೇಲೆ ಮಲ್ಲಿಗೆ ಕಟ್ಟಲು ಕೂತೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಓದು ಕಡಿಮೆಯಾದರೂ ಲೆಕ್ಕ ತಪ್ಪುತ್ತಿರಲಿಲ್ಲ. ಆಕೆ ತನ್ನ ಊರಿನಲ್ಲಿ ಸಣ್ಣ ಮಕ್ಕಳ ಟೀಚರ್ ಆಗಿದ್ದಳಂತೆ. ಅದು ಮೊದಲ ದಿನವೇ ಗೊತ್ತಾಯಿತು. ನಾನು ಐದರ ಪ್ಯಾತ್ ಆದಮೇಲೆ ಆರರ ಶಿಸ್ತ್ ಬಿಟ್ಟು ಏಳರ ಸಿಮ್ ಎಂದರೆ ಆಕೆ ಬೆರಳು ಕೆಳಗೆ ತೋರಿಸುವಳು. ಅಂದರೆ ಕೆಳಗಿಳಿ, ಮೊದಲ ಮೆಟ್ಟಿಲಿನಿಂದ ಮತ್ತೆ ಶುರುಮಾಡು. ಐದು ಸಲ ತಪ್ಪಿದ ದಿನ ಡಾಕ್ಟರು ಹೇಳಿದ್ದಕ್ಕಿಂತ ದುಪ್ಪಟ್ಟು ವ್ಯಾಯಾಮ ಆಗುತ್ತಿತ್ತು. ಹತ್ತಕ್ಕೆ ದೇಸ್ಯಾತ್. ಅದರಾಚೆ ಒಂದೇ ಬಾಲ ಎಲ್ಲಕ್ಕೂ: ಒದಿನಾದ್ಸ್ಯಾತ್, ದ್ವಾನಾದ್ಸ್ಯಾತ್. ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ನಮ್ಮಿಬ್ಬರ ಬಾಗಿಲು. ಪಾಠ ಅಲ್ಲಿಗೆ ಮುಗಿಯಿತು.

ನನ್ನ ಮೊಮ್ಮಗಳು ಎಂಟನೆಯ ಗ್ರೇಡು. ಅವಳು ಫೋನಿನಲ್ಲಿ ಬಿಗಿನರ್ಸ್‌ಗೆ ಮಾಡಿದ ಒಂದು ವಿಡಿಯೋ ಹಾಕಿಕೊಟ್ಟಳು. ಒಂದೊಂದೇ ಸೇಬು ಜಿಗಿಯುತ್ತ ಬರುತ್ತದೆ, ಹಿಂದಿನಿಂದ ಒಬ್ಬಳು ಎಣಿಸುತ್ತಾಳೆ. ನಾನು ಅಕ್ಕಿ ಆರಿಸುವಾಗಲೂ ಬಾಯಲ್ಲಿ ಅದನ್ನೇ ಹೇಳುತ್ತಿದ್ದೆ.

"ಅಜ್ಜಿ, ಯು ಆರ್ ಅಬ್ಸೆಸ್ಡ್," ಎಂದಳು.

"ಅದು ಎಂತ ಅದು?"

"ಮೀನ್ಸ್... ನಿಂಗೆ ಹುಚ್ಚು."

"ಇರ್ಲಿ. ನೀನು ಹತ್ತರವರೆಗೆ ಕನ್ನಡದಲ್ಲಿ ಹೇಳು ನೋಡುವ."

ಅವಳು ಆರಕ್ಕೆ ನಿಂತಳು. ನನಗೆ ಒಳಗೊಳಗೆ ಜಂಬ.

ಮಾತನ್ನು ಇನ್ನೊಂದು ಭಾಷೆಗೆ ತಿರುಗಿಸುವ ಆಪ್ ಇಬ್ಬರ ಫೋನಿನಲ್ಲೂ ಇತ್ತು. ಆದರೆ ಕನ್ನಡಕ ಹುಡುಕಿ ತರುವಷ್ಟರಲ್ಲಿ ಹೇಳಬೇಕಾದ್ದು ಮರೆತುಹೋಗುತ್ತಿತ್ತು. ನಮಗೆ ಅಂಕಿಯೇ ಸಾಕಾಗಿತ್ತು. ನನ್ನ ಮಗಳು ನನ್ನನ್ನು ಕರೆಯುವುದನ್ನು ಕೇಳಿ ಅದೇ ನನ್ನ ಹೆಸರು ಎಂದುಕೊಂಡು ಆಕೆ ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ನಾನು ತಿದ್ದಲಿಲ್ಲ. ಆಕೆಗೆ ಒಬ್ಬ ಮಗನೂ ಇದ್ದ. ಫೋನಿನಲ್ಲಿ ಫೋಟೋ ತೋರಿಸಿದಳು: ಗಡ್ಡ ಬಿಟ್ಟಿದ್ದಾನೆ, ಸೈನ್ಯದ ಅಂಗಿ. ವಯಸ್ಸು ಹದಿನಾಲ್ಕಕ್ಕಿಂತ ಮೇಲಾದ್ದರಿಂದ ನನ್ನ ಅಂಗೈ ಮೇಲೆ ಬೆರಳಿನಲ್ಲಿ ಬರೆದು ತಿಳಿಸಿದಳು. ಮೂವತ್ತೊಂದು. ಅವನು ಯುದ್ಧದ ಮುಂಚೂಣಿಯಲ್ಲಿದ್ದ. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಭಾನುವಾರ ಮಧ್ಯಾಹ್ನ ಆ ಮನೆಯಿಂದ ನಗು ಕೇಳಿದರೆ ಫೋನ್ ಬಂತು ಎಂದು ನನಗೂ ತಿಳಿಯುತ್ತಿತ್ತು.

ಏಪ್ರಿಲ್‌ನಲ್ಲಿ ಅವನ ಹುಟ್ಟಿದ ದಿನ ಬಂತು. ಆಕೆ ಕೇಕ್ ಮಾಡಿ ಒಂದು ತುಂಡು ನಮಗೂ ಕೊಟ್ಟಳು. ಬರಿ ಪಾತ್ರೆ ವಾಪಸ್ ಕೊಡುವುದು ನನಗೆ ಆಗದು. ಮಗಳು ಸೂಪರ್‌ಮಾರ್ಕೆಟ್ಟಿನಿಂದ ತಂದಿದ್ದ ಟ್ಯೂಲಿಪ್ ಕಟ್ಟು ಮನೆಯಲ್ಲಿತ್ತು. ಹತ್ತು ಹೂ. ಒಂದರ ದೇಟು ಮುರಿದಿತ್ತು, ತೆಗೆದು ಬಿಸಾಡಿದೆ. ಒಂಬತ್ತು ಉಳಿಯಿತು.

ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇಲ್ಲ. ಆದರೆ ನಮ್ಮಲ್ಲಿ ವೀಳ್ಯದೆಲೆ ಕೊಡಲಿ, ಬಾಳೆಹಣ್ಣು ಕೊಡಲಿ, ಜೋಡಿ ಕೊಡಬೇಕು. ಒಂಟಿ ಕೊಟ್ಟರೆ ಶುಭ ಅಲ್ಲ. ಮಗನ ಹುಟ್ಟಿದ ದಿನ ಬೇರೆ. ನಾನು ಇನ್ನೊಂದು ಹೂ ತೆಗೆದು ಎಂಟು ಮಾಡಿದೆ.

ಆಕೆ ಬಾಗಿಲು ತೆರೆದಳು. ನಾನು ಕಲಿತದ್ದನ್ನು ತೋರಿಸಬೇಡವೇ? ಒಂದೊಂದೇ ಹೂವನ್ನು ಆಕೆಯ ಕೈಗಿಟ್ಟು ಗಟ್ಟಿಯಾಗಿ ಎಣಿಸಿದೆ. ಒದಿನ್. ದ್ವಾ. ತ್ರಿ. ಚೊತಿರಿ. ಆಕೆ ಪ್ರತಿಯೊಂದಕ್ಕೂ ತಲೆ ಆಡಿಸಿದಳು, ಪಾಠ ಒಪ್ಪಿಸುವ ಮಗುವಿನ ಮುಂದೆ ಟೀಚರ್ ಆಡಿಸುವ ಹಾಗೆ. ಪ್ಯಾತ್. ಶಿಸ್ತ್. ಸಿಮ್. ವಿಸಿಮ್. ನಾನು ನಿಲ್ಲಿಸಿದೆ.

ಆಕೆ ಕಾದಳು. ನಾನು ಮುಂದಿನದನ್ನು ಮರೆತೆ ಎಂದುಕೊಂಡಿರಬೇಕು. "ದೇವ್ಯಾತ್?" ಎಂದು ಮೆಲ್ಲಗೆ ಎತ್ತಿಕೊಟ್ಟಳು.

"ಇಲ್ಲ, ಇಲ್ಲ. ವಿಸಿಮ್. ಅಷ್ಟೇ," ಎಂದೆ.

ಆಕೆ ಕೈಯಲ್ಲಿದ್ದ ಹೂಗಳನ್ನು ನೋಡಿದಳು. ಮುಖ ಸಪ್ಪಗಾಯಿತು. ಒಂದು ಹೂವನ್ನು ಎಳೆದು ತೆಗೆದು ನನ್ನ ಕಡೆಗೆ ಚಾಚಿದಳು.

ನನ್ನ ಗಂಡ ಹೋಗಿ ಹನ್ನೆರಡು ವರ್ಷ. ಊರಿನ ಹೆಂಗಸರಿಗೆಲ್ಲ ಹೂ ಕಟ್ಟಿ ಕೊಟ್ಟ ನಾನು ಅವತ್ತಿನಿಂದ ಒಂದು ಎಸಳೂ ಮುಡಿದಿಲ್ಲ. ಅಂಥವಳಿಗೆ, ನಾನೇ ತಂದ ಹೂವಿನಿಂದ ಒಂಟಿ ಹೂ ತೆಗೆದು ಕೊಡುವುದೆಂದರೆ? ಮೈ ಉರಿಯಿತು.

"ನಂಗೆ ಒಂಟಿ ಹೂ ಕೊಡ್ಲಿಕ್ಕೆ ಬರ್ಬೇಡ ಮಾರಾಯ್ತಿ. ನಾನು ಒಂಟಿ ಆದದ್ದು ಸಾಲುದಿಲ್ವಾ?" ಎಂದು ಅದನ್ನು ಕಸಿದು ಆಕೆಯ ಕೈಯ ಕಟ್ಟಿಗೇ ತುರುಕಿದೆ. ಕನ್ನಡ ಆಕೆಗೆ ತಿಳಿಯಲಿಲ್ಲ, ದನಿ ತಿಳಿಯಿತು. ಏನೋ ಹೇಳಲು ಬಾಯಿ ತೆರೆದಳು. "ವಿಸಿಮ್!" ಎಂದು ಗದರಿಸಿ ನಾನು ನಮ್ಮ ಬಾಗಿಲು ಹಾಕಿಕೊಂಡೆ.

ಮರುದಿನದಿಂದ ಮೆಟ್ಟಿಲಿಗೆ ಹೋಗಲಿಲ್ಲ. ಆಕೆ ಒಬ್ಬಳೇ ಹತ್ತುವುದು ಕೇಳಿಸುತ್ತಿತ್ತು. ಆ ಭಾನುವಾರ ಎದುರು ಮನೆಯಿಂದ ನಗು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲಿನ ಸದ್ದೂ ನಿಂತಿತ್ತು. ಇನ್ನೂ ಸಿಟ್ಟು ಇಳಿದಿಲ್ಲ ಅವಳಿಗೆ, ಇರಲಿ, ನನಗೇನು ಎಂದುಕೊಂಡೆ.

ಮರುದಿನ ಸೋಮವಾರ ಸಂಜೆ ಮಗಳು ಸಿಟಿಯಿಂದ ಟ್ರೇನಿನಲ್ಲಿ ಬಂದವಳು ಶೂ ಕೂಡ ಬಿಚ್ಚದೆ ಅಡುಗೆಮನೆಗೆ ಬಂದಳು.

"ಅಮ್ಮ, ನೀನು ಎದುರು ಮನೆ ಆಂಟಿಗೆ ಎಷ್ಟು ಹೂ ಕೊಟ್ಟದ್ದು?"

"ಎಂಟು. ಯಾಕೆ, ಕಡಿಮೆ ಆಯ್ತಂತಾ?"

"ಕೆಳಗೆ ಪಾರ್ಕಿಂಗ್‌ನಲ್ಲಿ ಅವರ ಮಗಳು ಸಿಕ್ಕಿದ್ಲು. ಅವರಲ್ಲಿ ಬದುಕಿದ್ದವರಿಗೆ ಮೂರು, ಐದು, ಒಂಬತ್ತು ಹೀಗೆ ಕೊಡುದಂತೆ. ಎರಡು, ನಾಲ್ಕು, ಎಂಟು ಅಂದ್ರೆ ಸತ್ತವರಿಗೆ ಮಾತ್ರ. ಗೋರಿಯ ಮೇಲೆ ಇಡ್ಲಿಕ್ಕೆ."

ನಾನು ಒಲೆ ಆರಿಸಿದೆ.

"ಆಂಟಿಯ ಮಗನ ಫೋನ್ ಬರದೆ ಎರಡು ಆದಿತ್ಯವಾರ ಆಯ್ತು. ಆಂಟಿ ಊಟ ಮಾಡುದಿಲ್ಲ, ಮಲಗುದಿಲ್ಲ. ಅವರ ಮಗಳು ನಗಾಡಿಕೊಂಡೇ ಹೇಳಿದ್ಲು, ಹಳೇ ಕಾಲದ ನಂಬಿಕೆ ಅಂತ. ಆದ್ರೂ ನೀನು ಹೋಗಿ ಸಾರಿ ಹೇಳಿ ಬಾ."

"ಎಂತ ಹೇಳುದು? ನಂಗೆ ಹದಿನಾಲ್ಕರವರೆಗೆ ಮಾತ್ರ ಬರುದು."

"ಸಾರಿ ಅಂದ್ರೆ ಎಲ್ಲರಿಗೂ ಗೊತ್ತಾಗ್ತದೆ ಅಮ್ಮ."

ಗೊತ್ತಾಗುತ್ತದೆ. ಅದೇ ಕಷ್ಟ.

ಹೂವಿನಿಂದ ಯಾರೂ ಸಾಯುವುದಿಲ್ಲ. ಅಷ್ಟು ಬುದ್ಧಿ ನನಗೆ ಇದೆ. ಆದರೆ ನನ್ನ ಗಂಡನನ್ನು ಆಪರೇಶನ್ನಿಗೆ ಒಳಗೆ ಕರೆದೊಯ್ದ ದಿನ ಯಾರಾದರೂ ಚಟ್ಟಕ್ಕೆ ಬಿದಿರು ತಂದು ನನ್ನ ಮುಂದೆ ಒಂದೊಂದಾಗಿ ಎಣಿಸಿ ಇಟ್ಟಿದ್ದರೆ ನಾನು ಏನು ಮಾಡುತ್ತಿದ್ದೆ? ಕತ್ತಿ ಹಿಡಿದು ಓಡಿಸುತ್ತಿದ್ದೆ. ಈಕೆ ಒಂದು ಹೂ ವಾಪಸ್ ಕೊಟ್ಟು ನನ್ನ ತಪ್ಪನ್ನು ಸರಿಮಾಡಲು ನೋಡಿದಳು, ಅಷ್ಟೇ. ನಾನು ಅದನ್ನೂ ಬಿಡದೆ ತುರುಕಿ ಬಂದೆ. ಅದೂ ಅವಳೇ ಕಲಿಸಿದ ಅಂಕಿ ಹೇಳಿ.

ಹಾಗಿದ್ದೂ ಹೋಗಲಿಲ್ಲ. ಇವತ್ತು ಬೇಡ, ಅವನ ಸುದ್ದಿ ಬರಲಿ ಎಂದುಕೊಂಡೆ. ಸುದ್ದಿ ಕೆಟ್ಟದಾದರೆ ಏನು ಮುಖ ಇಟ್ಟುಕೊಂಡು ಹೋಗುವುದು ಎಂದು ಹೆದರಿದೆ. ಕಸದ ಚೀಲ ಇಳಿಸುವ ಮೊದಲು ಬಾಗಿಲಿನ ತೂತಿನಲ್ಲಿ ಕಣ್ಣಿಟ್ಟು ಯಾರೂ ಇಲ್ಲವೆಂದು ನೋಡಿಕೊಳ್ಳುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಎಪ್ಪತ್ತು ದಾಟಿದ ಹೆಂಗಸು ಹೀಗೆ ಮಾಡುವುದೆಂದರೆ ಹೇಳಲು ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಇರಬಹುದು. ಮನೆಯಲ್ಲಿ ನಾನೊಬ್ಬಳೇ. ಎದುರು ಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಆಮೇಲೆ ಆಕೆ ಕೂಗಿದಳು. ಅದು ಅಳುವೋ ಏನೋ, ಗೋಡೆಯ ಈಚೆಗೆ ತಿಳಿಯಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ನಮ್ಮ ಬಾಗಿಲು ಬಡಿದಳು.

"ಅಮ್ಮ! ಅಮ್ಮ!"

ನಾನು ಬಾಗಿಲ ಈಚೆಗೇ ನಿಂತಿದ್ದೆ. ಕೈ ಚಿಲಕದ ಮೇಲಿತ್ತು. ತೂತಿನಲ್ಲಿ ನೋಡುವ ಧೈರ್ಯವಾಗಲಿಲ್ಲ. ಆಕೆ ಮತ್ತೆ ಬಡಿದಳು. ಆರು ಸಲ ಎಂದು ನನಗೆ ಗೊತ್ತು, ನಿಂತಲ್ಲೇ ಎಣಿಸಿದ್ದೇನೆ, ಅವಳ ಭಾಷೆಯಲ್ಲೇ. ಶಿಸ್ತ್. ಆಮೇಲೆ ನಿಲ್ಲಿಸಿದಳು. ಸ್ವಲ್ಪ ಹೊತ್ತು ಅಲ್ಲೇ ಇದ್ದಳು, ಉಸಿರು ಕೇಳುತ್ತಿತ್ತು. ಮತ್ತೆ ಒಳಗೆ ಹೋದಳು.

ಸಂಜೆಯವರೆಗೆ ನಾನು ಒಲೆ ಹಚ್ಚಲಿಲ್ಲ. ಮಗಳು ಬಂದು ಹೇಳಿದಳು: ಆಕೆಯ ಮಗ ಬದುಕಿದ್ದಾನೆ. ಕಾಲಿಗೆ ಪೆಟ್ಟು ಬಿದ್ದು ಆಸ್ಪತ್ರೆಯಲ್ಲಿದ್ದ, ಫೋನ್ ಕಳೆದುಹೋಗಿತ್ತು. ಬೇರೆಯವರ ಫೋನಿನಿಂದ ಮಾತಾಡಿದ. ಇನ್ನು ತಿಂಗಳುಗಟ್ಟಲೆ ಮುಂಚೂಣಿಗೆ ಕಳಿಸುವುದಿಲ್ಲವಂತೆ.

ಕೇಳಿದ ಕೂಡಲೇ ನನಗೆ ನನ್ನ ಬಗ್ಗೆ ಸಮಾಧಾನವಾಯಿತು, ಸದ್ಯ ತಪ್ಪಿಸಿಕೊಂಡೆ ಎಂದು. ಅವಳ ಬಗ್ಗೆ ಸಂತೋಷವಾದದ್ದು ಅದರ ನಂತರ. ಇದರಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ.

ಮರುದಿನ ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ಅವಳನ್ನು ಕರೆದುಕೊಂಡು ಎದುರು ಮನೆಗೆ ಹೋದೆ. ಆಕೆ ಸೊರಗಿದ್ದಳು. ನನ್ನನ್ನು ನೋಡಿ ಎರಡು ಕೈಯಲ್ಲೂ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. ಚಹಾ ಮಾಡಿದಳು. ನಾನು "ಸಾರಿ" ಎಂದೆ, ಎಂಟು ಬೆರಳು ತೋರಿಸಿದೆ. ಆಕೆ ಕೈ ಬೀಸಿದಳು. ಫೋನಿಗೆ ಏನೋ ಹೇಳಿದಳು, ಫೋನು ಇಂಗ್ಲಿಷಿನಲ್ಲಿ ಹೇಳಿತು, ಮೊಮ್ಮಗಳು ನನಗೆ ತಿಳಿಸಿದಳು.

"ನಮ್ಮಲ್ಲಿ ಪೇರ್ ಕೊಡುದು ಒಳ್ಳೇದಂತ ನನ್ನ ಅಮ್ಮ ಅವರ ಮಗಳಿಗೆ ಹೇಳಿದ್ಲಂತೆ. ಶೀ ಈಸ್ ನಾಟ್ ಮ್ಯಾಡ್, ಅಜ್ಜಿ. ಅವರಿಗೆ ಸಿಟ್ಟಿಲ್ಲ."

ಎದೆಯ ಭಾರ ಇಳಿಯಿತು ಎನ್ನುವಷ್ಟರಲ್ಲಿ ಆಕೆ ಮತ್ತೆ ಫೋನಿಗೆ ಹೇಳಿದಳು. ಮೊಮ್ಮಗಳು ಕೇಳಿಸಿಕೊಂಡು ನನ್ನ ಮುಖ ನೋಡಿದಳು.

"ನಿನ್ನೆ ಫೋನ್ ಬಂದಾಗ ಅವರ ಮಗಳು ಆಫೀಸಲ್ಲಿದ್ಲಂತೆ. ಯಾರಿಗಾದ್ರೂ ಹೇಳ್ಬೇಕು ಅನಿಸಿ ನಮ್ಮ ಡೋರ್ ನಾಕ್ ಮಾಡಿದ್ರಂತೆ. ನೀನು ಎಲ್ಲಿ ಹೋಗಿದ್ದೆ ಅಂತ ಕೇಳ್ತಿದ್ದಾರೆ."

ನಾನು ಚಹಾ ಕುಡಿದೆ.

"ಅಜ್ಜಿ, ನೀನು ಮನೆಯಲ್ಲೇ ಇದ್ದೆ ಅಲ್ವಾ?"

"ಮಲಗಿದ್ದೆ ಅಂತ ಹೇಳು."

"ಬಟ್ ಅಜ್ಜಿ, ಯು ನೆವರ್..."

"ಹೇಳು ಅಂದೆ ಅಲ್ವಾ."

ಅವಳು ಹೇಳಿದಳು. ಆಕೆ ಓಹೋ ಎಂದು ತಲೆ ಆಡಿಸಿ, ಎರಡು ಅಂಗೈ ಜೋಡಿಸಿ ಕೆನ್ನೆಯಡಿ ಇಟ್ಟು ಕಣ್ಣು ಮುಚ್ಚಿ ನನ್ನನ್ನು ಅಣಕಿಸಿದಳು. ನಕ್ಕಳು. ನನ್ನ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದಳು. ಮೊಮ್ಮಗಳು ಮನೆಗೆ ಬಂದವಳೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ಮತ್ತೆ ಪಾಠ ನಡೆಯುತ್ತಿದೆ. ಹದಿನಾಲ್ಕು ದಾಟಿ ಮುಂದೆ ಹೋಗಿದ್ದೇನೆ. ಇಪ್ಪತ್ತು, ಮೂವತ್ತು ಸುಲಭ, ಎರಡು ಮೂರರ ಮೇಲೆಯೇ ಕಟ್ಟಿದ್ದು. ನಲವತ್ತಕ್ಕೆ ಮಾತ್ರ ಸೋರೊಕ್ ಅನ್ನುತ್ತಾರೆ. ನಾಲ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಪ್ರತಿ ಸಲ ಅಲ್ಲಿ ಎಡವುತ್ತೇನೆ. ಆಕೆ ಬೇಸರವಿಲ್ಲದೆ ಮೂವತ್ತಕ್ಕೆ ವಾಪಸ್ ಕರೆದುಕೊಂಡು ಹೋಗುತ್ತಾಳೆ.

ಬದಲಾದದ್ದು ಒಂದೇ. ಮೊದಲೆಲ್ಲ ಎಂಟೂವರೆಗೆ ಬರುತ್ತಿದ್ದವಳು ಈಗ ಹನ್ನೊಂದಕ್ಕೆ ಮೊದಲು ಬಾಗಿಲು ತಟ್ಟುವುದಿಲ್ಲ. ಮಗಳು ವಿಚಾರಿಸಿದಾಗ ತಿಳಿಯಿತು, ನಾನು ಬೆಳಿಗ್ಗೆ ಮಲಗುತ್ತೇನಲ್ಲ, ನಿದ್ದೆ ಕೆಡಬಾರದಂತೆ. ನಾನು ಆರಕ್ಕೆ ಎದ್ದು, ಸ್ನಾನ ಮಾಡಿ, ಕಾಫಿ ಕುಡಿದು ಕೂತಿರುತ್ತೇನೆ. ಅತ್ತ ಆಕೆಯೂ ಎದ್ದಿರುತ್ತಾಳೆ. ಆಕೆ ತನ್ನ ಬಾಗಿಲು ತೆರೆಯುವುದು, ನನ್ನ ಬಾಗಿಲಿನ ಹತ್ತಿರ ಬಂದು ತಟ್ಟದೆ ತಿರುಗಿ ಹೋಗುವುದು ನನಗೆ ಕೇಳುತ್ತದೆ. ನಿದ್ದೆಯ ಮಾತು ಸುಳ್ಳು ಎಂದು ಆಕೆಗೆ ತಿಳಿಸುವುದು ಮೊಮ್ಮಗಳ ಫೋನಿಗೆ ಒಂದು ನಿಮಿಷದ ಕೆಲಸ. ಇಲ್ಲಿಯವರೆಗೆ ಅವಳನ್ನು ಕೇಳಿಲ್ಲ.