ಡಾಕ್ಟರಮ್ಮನ ಕಾರಿಗೆ ಹಾಕಿದ ಎಣ್ಣೆ

ಸಿಟ್ಟು ಬಂದಾಗ ಡಾಕ್ಟರಮ್ಮನ ಕಿವಿ ಮೊದಲು ಕೆಂಪಾಗುತ್ತಿತ್ತು. ದನಿ ಏರುತ್ತಿರಲಿಲ್ಲ. ಬಿಳಿಗೂದಲನ್ನು ಹಿಂದಕ್ಕೆ ಬಿಗಿದು ಕಟ್ಟುತ್ತಿದ್ದುದರಿಂದ ಆ ಕೆಂಪು ಎಲ್ಲರಿಗೂ ಕಾಣುತ್ತಿತ್ತು. ಕುಮಟೆಯ ಅವರ ಆಸ್ಪತ್ರೆಗೆ ನಾನು ನರ್ಸಾಗಿ ಸೇರಿದ ಮೊದಲ ವಾರವೇ ಅದನ್ನು ನೋಡಿದೆ. ಬಾಡ ಎಂಬ ಊರಿನ ಮೀನುಗಾರನೊಬ್ಬ, ಹಿಂದಿನ ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿಯನ್ನು ಕರೆತಂದು, "ಕಮ್ಮಿ ಆಗ್ತದೆ ಅಂದ್ಕೊಂಡೆ" ಅಂದ.

"ನೋವು ನಿಂಗೆ ಬಂದಿದ್ರೆ ನಿನ್ನೇನೇ ಓಡಿ ಬರ್ತಿದ್ದೆ" ಎಂದರು ಡಾಕ್ಟರಮ್ಮ, ಕೈ ತೊಳೆಯುತ್ತಲೇ.

ಕಾರನ್ನು ತಾವೇ ಓಡಿಸುತ್ತಿದ್ದರು. ಹೊನ್ನಾವರದಿಂದ ಕರೆ ಬಂದರೂ ಹೊರಡುತ್ತಿದ್ದರು. ಔಷಧಿ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ನಾನು. ಆ ಕಾರಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕು ಎಂಬ ಮಾತು ಬಂದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಗ್ಯಾರೇಜಿನವನು, "ಸಾದಾ ಎಣ್ಣೆ ಸಾಕು ಅಮ್ಮ. ಕೆಲವು ತಿಂಗಳಿಗೊಮ್ಮೆ ತಂದು ಬಿಡಿ, ಬದಲು ಮಾಡಿ ಕೊಡ್ತೆ" ಎಂದಿದ್ದ. ಬಿಡಿಭಾಗದ ಅಂಗಡಿಯವನು ಬೇರೆ ಹೇಳಿದ: "ಸಿಂಥೆಟಿಕ್ ಹಾಕಿ ಅಮ್ಮ. ರೇಟು ಜಾಸ್ತಿ, ಆದ್ರೆ ವರ್ಷಗಟ್ಟಲೆ ಗ್ಯಾರೇಜಿನ ಮುಖ ನೋಡುದೇ ಬೇಡ."

ಡಾಕ್ಟರಮ್ಮ ಸಿಂಥೆಟಿಕ್ ಆರಿಸಿ, ಅವನ ಅಂಗಡಿಯಲ್ಲೇ ಡಬ್ಬಿ ಕೊಂಡು ಹಾಕಿಸಿದರು. "ಗಾಡಿ ಒಂದು ದಿನ ನಿಂತ್ರೆ ಯಾರ ಮನೇಲಿ ಎಂತ ಆಗ್ತದೋ" ಎಂಬುದೊಂದೇ ಅವರ ಲೆಕ್ಕ.

ಒಂದು ಮಧ್ಯಾಹ್ನ ಕತಗಾಲದಾಚೆಯಿಂದ ಫೋನ್ ಬಂತು. ತುಂಬು ಬಸುರಿಗೆ ರಕ್ತ ಹೋಗುತ್ತಿದೆ, ಕರೆತರಲು ಗಾಡಿಯಿಲ್ಲ. ಹೊರಟೆವು. ಕತಗಾಲ ಇನ್ನೂ ದೂರವಿರುವಾಗಲೇ ಸ್ಟಿಯರಿಂಗ್ ಹಿಂದಿನ ಎಣ್ಣೆಯ ಕೆಂಪು ದೀಪ ಹೊತ್ತಿತು. ಎಂಜಿನ್ ಕಟಕಟ ಸದ್ದು ಮಾಡಿ ಜಾಮಾಗಿ ನಿಂತಿತು. ಹೊಗೆಯ ಜೊತೆ ಸುಟ್ಟ ವಾಸನೆ. ಪೆಟ್ಟಿಗೆ ಹೊತ್ತು ನಡೆದೆವು. ಕೊನೆಗೊಂದು ಗೂಡ್ಸ್ ರಿಕ್ಷಾ ಸಿಕ್ಕಿತು. ತಲುಪಿದಾಗ ತಾಯಿಯ ನಾಡಿ ಕ್ಷೀಣವಾಗಿತ್ತು. ಅವಳನ್ನು ಡಾಕ್ಟರಮ್ಮ ಉಳಿಸಿಕೊಂಡರು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ.

"ಬೇಗ ಬಂದು ಮುಟ್ಟಿದ್ರೆ ಅದೂ ಉಳೀತಿತ್ತು" ಎಂದು ವಾಪಸು ಬರುವಾಗ ನನಗಷ್ಟೇ ಹೇಳಿದರು.

ಗ್ಯಾರೇಜಿನವನು ಎಂಜಿನ್ ಬಿಚ್ಚಿದ. ಡಿಕ್ಕಿಯಲ್ಲಿ ಉಳಿದಿದ್ದ, ಇನ್ನೂ ಒಡೆಯದ ಎಣ್ಣೆ ಡಬ್ಬಿಯನ್ನೂ ತೆಗೆದು ನೋಡಿದ. ಮುಚ್ಚಳದ ಸೀಲನ್ನು ಯಾರೋ ಗೋಂದು ಹಾಕಿ ಅಂಟಿಸಿದ್ದರು. "ಇದು ಸಿಂಥೆಟಿಕ್ಕೂ ಅಲ್ಲ, ಸಾದಾನೂ ಅಲ್ಲ ಅಮ್ಮ. ಲಾರಿಯಿಂದ ಇಳಿಸಿದ ಹಳೇ ಎಣ್ಣೆ ಸೋಸಿ ತುಂಬಿದ್ದಾರೆ."

ಡಾಕ್ಟರಮ್ಮ ಆ ಡಬ್ಬಿಯನ್ನು ಬಿಡಿಭಾಗದ ಅಂಗಡಿಯವನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು. "ಎಂತ ಮಾರಿದ್ದು ನೀನು?"

"ಬಂದ ಮಾಲನ್ನ ಕೊಡುದಷ್ಟೇ ನಾವು. ನಿಮ್ಮ ಗಾಡಿಯೂ ಹಳತಾಗಿತ್ತಲ್ಲ" ಎಂದ ಅವನು, ಕಣ್ಣೆತ್ತದೆ. ಹಿಂದಿನ ಕೋಣೆಯಲ್ಲಿ ಖಾಲಿ ಎಣ್ಣೆ ಡಬ್ಬಿಗಳ ರಾಶಿ, ಪಕ್ಕದಲ್ಲೇ ಗೋಂದಿನ ಬಾಟಲಿ ನನಗೇ ಕಾಣುತ್ತಿತ್ತು.

ಅಂದಿನಿಂದ ಬಂದ ರೋಗಿಗಳಿಗೆಲ್ಲ ಔಷಧಿಯ ಜೊತೆ ಆ ಅಂಗಡಿಯ ವಿಷಯವನ್ನೂ ಹೇಳತೊಡಗಿದರು. ಅವನ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಆಗ ಊರಿನ ದೊಡ್ಡವರು ರಾಜಿಗೆ ಬಂದರು. "ಹೊಸ ಎಂಜಿನ್ ಹಾಕ್ಸಿ ಕೊಡ್ತಾನಂತೆ. ಬಿಟ್ಬಿಡಿ ಅಮ್ಮ."

"ಎಂಜಿನ್ ಯಾರಿಗೆ ಬೇಕು? ಆ ಹೆಂಗಸಿನ ಮನೆಗೆ ಹೋಗ್ಲಿ. ತಾನು ಎಂತ ಮಾರಿದೆ ಅಂತ ಅವಳ ಮುಖ ನೋಡಿ ಹೇಳ್ಲಿ. ಆಮೇಲೆ ನಾ ಸುಮ್ಮನಾಗ್ತೆ."

ಅವನು ಹೋಗಲಿಲ್ಲ. ಇವರು ಸುಮ್ಮನಾಗಲಿಲ್ಲ. ವಯಸ್ಸಾಯಿತು, ಹಟ ಹೆಚ್ಚಾಯಿತು ಎಂದು ಜನ ಆಡಿಕೊಂಡರು. ಯಾರು ಏನೇ ಮಾಡಿದರೂ 'ಹೋಗಲಿ ಬಿಡಿ' ಎನ್ನುತ್ತ ಬೆಳೆದವಳು ನಾನು. ನನಗೂ ಮೊದಮೊದಲು ಹಾಗೇ ಅನ್ನಿಸುತ್ತಿತ್ತು. ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವರ ಕಿವಿ ಕೆಂಪಾಯಿತು. "ಆ ಕೂಸನ್ನ ಬಟ್ಟೇಲಿ ಸುತ್ತಿದ್ದು ನೀನೇ ಅಲ್ವಾ?" ಎಂದರು. ಮತ್ತೆ ನಾನು ಆ ಮಾತೆತ್ತಲಿಲ್ಲ.

ಕೆಲವು ವರ್ಷದ ಬಳಿಕ ಡಾಕ್ಟರಮ್ಮ ಹೃದಯಾಘಾತದಿಂದ ತೀರಿಕೊಂಡರು. ಅಂಗಳದ ತುಂಬ ಜನ. ಭಟ್ಕಳದಿಂದಲೂ ತಾಯಂದಿರು ಮಕ್ಕಳನ್ನು ಕರೆತಂದಿದ್ದರು. ಆ ಗುಂಪಿನಲ್ಲಿ ಎಣ್ಣೆ ಮಾರಿದ ಅಂಗಡಿಯವನೂ ದೊಡ್ಡ ಹಾರ ಹಿಡಿದು ಬಂದ. ನಾನು ಗೇಟಿನಲ್ಲೇ ಅಡ್ಡ ನಿಂತೆ.

"ಕತಗಾಲಕ್ಕೆ, ಆ ಹೆಂಗಸಿನ ಮನೆಗೆ ಹೋಗಿದ್ರಾ?"

"ಅದೆಲ್ಲ ಹಳೇ ಕತೆ. ಸತ್ತವರ ಎದುರು ಎಂತಕ್ಕೆ ಈಗ?"

"ಹಾಗಾದ್ರೆ ಹಾರ ವಾಪಸ್ ತಗೊಂಡು ಹೋಗಿ."

ಯಾರೋ ನನ್ನ ತೋಳು ಹಿಡಿದು ಎಳೆದರು. ನಾನು ಕದಲಲಿಲ್ಲ. ಅವನು ಹಾರ ಹಿಡಿದುಕೊಂಡೇ ತಿರುಗಿ ಹೋದ. ನನಗೆ ಈಗಲೂ ಆ ಸಿಟ್ಟಿದೆ. ಡಾಕ್ಟರಮ್ಮನಿಂದ ಬಂದದ್ದು, ಬಿಟ್ಟುಕೊಡುವ ಮನಸ್ಸಿಲ್ಲ.