ಡ್ರೈವರಣ್ಣನ ರೆಸ್ಯೂಮಿನ ಕೊನೆಯ ಸಾಲು

ನಮ್ಮ ಸುತ್ತಮುತ್ತ ಯಾರಾದರೂ ಕೆಲಸಕ್ಕೆ ಅರ್ಜಿ ಹಾಕಬೇಕು ಅಂದರೆ ನನ್ನ ಹತ್ತಿರ ಕಳಿಸುತ್ತಾರೆ. ಹುಣಸೂರಿನ ಹೊರಗಿರುವ ಒಂದು ಖಾಸಗಿ ಶಾಲೆಯಲ್ಲಿ ನಾನು ಕಂಪ್ಯೂಟರ್ ಹೇಳಿಕೊಡುತ್ತೇನೆ. ಸಂಜೆ ಮನೆಯಲ್ಲಿ ಊರವರ ರೆಸ್ಯೂಮ್ ಮಾಡಿಕೊಡುತ್ತೇನೆ. ಪಿರಿಯಾಪಟ್ಟಣದ ಬಟ್ಟೆ ಅಂಗಡಿಗೆ, ಕೆ.ಆರ್. ನಗರದ ಅಕ್ಕಿ ಗಿರಣಿಗೆ, ಮೈಸೂರಿನ ಮಾಲ್‌ಗೆ ಅಂತ ಬರೆಸಿಕೊಂಡು ಹೋದವರಲ್ಲಿ ಕೆಲವರಿಗೆ ಕೆಲಸ ಸಿಕ್ಕಿದ್ದೂ ಉಂಟು. ಆ ಜಂಬ ನನಗೆ ಬೇಕಾದಷ್ಟಿತ್ತು. ನಿಮ್ಮ ರೆಸ್ಯೂಮ್ ರಾಶಿಯ ಮಧ್ಯೆ ಎದ್ದು ಕಾಣಬೇಕು ಅಂತ ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಶ್ರಮಜೀವಿ, ಪ್ರಾಮಾಣಿಕ, ಬೇಗ ಕಲಿಯುವವರು ಅಂತ ಎಲ್ಲರೂ ಬರೆಸುವ ಮಾತುಗಳನ್ನು ಅಳಿಸಿ, ನಿಮ್ಮೊಬ್ಬರಲ್ಲೇ ಇರುವ ಒಂದು ಸಂಗತಿ ಹೇಳಿ ಅಂತ ಅವರ ಜೀವ ತಿನ್ನುತ್ತಿದ್ದೆ. ಈ ಬುದ್ಧಿವಂತಿಕೆಯನ್ನು ಅಪ್ಪನ ಮೇಲೆ ಪ್ರಯೋಗಿಸುವ ತನಕ ನನಗೆ ಅದರಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ.

ಅಪ್ಪ ಪ್ರೈವೇಟ್ ಬಸ್ಸಿನ ಡ್ರೈವರ್, ದಾರಿಯ ಹಳ್ಳಿಯವರಿಗೆಲ್ಲ ಡ್ರೈವರಣ್ಣ. ನಾನು ಹುಟ್ಟುವ ಮೊದಲಿನಿಂದಲೂ ಒಬ್ಬರೇ ಮಾಲೀಕರು, ಒಂದೇ ರೂಟು: ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಯ ಹಳ್ಳಿಗಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡ ಅಂತಾದ ಮೇಲೆ ಅಪ್ಪನ ಬಸ್ಸು ಖಾಲಿಯಾಗುತ್ತಾ ಬಂತು. ಬೇರೆಯವರನ್ನು ಏನು ಹೇಳುವುದು, ನಮ್ಮ ಅವ್ವನೇ ಸಂತೆಗೆ ಹೋಗುವಾಗ ಅಪ್ಪನ ಬಸ್ಸು ಹೋಗಲಿ ಅಂತ ಅಂಗಡಿ ಮರೆಯಲ್ಲಿ ನಿಂತಿದ್ದು ಸರ್ಕಾರಿ ಬಸ್ಸು ಹತ್ತುತ್ತಿದ್ದಳು. ಮಾಲೀಕರು ಪಾಪ ಎಳೆಯುವಷ್ಟು ದಿನ ಎಳೆದು, ಕೊನೆಗೆ ಬಸ್ಸು ಮಾರಿದರು.

ಮನೆಯಲ್ಲಿ ಕೂತ ಡ್ರೈವರನ್ನು ನೋಡುವುದು ಬಹಳ ಕಷ್ಟ. ಬೆಳಿಗ್ಗೆ ಎಂದಿನ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಖಾಕಿ ಅಂಗಿ ಹಾಕಿಕೊಂಡು ಜಗಲಿ ಮೇಲೆ ಕೂರುತ್ತಿದ್ದ. ದಾರಿಯಲ್ಲಿ ಯಾವ ಗಾಡಿ ಹೋದರೂ ಅದರ ಗೇರಿನ ಸದ್ದು ಕೇಳಿ, "ಕ್ಲಚ್ ಸುಡ್ತಾವ್ನೆ ನೋಡು" ಅಂತ ಬೈಯುತ್ತಿದ್ದ. ಆಮೇಲೆ ಬೈಯುವುದನ್ನೂ ಬಿಟ್ಟ. ಹಾಗೇ ಬಿಟ್ಟರೆ ಮಂಕಾಗಿಬಿಡುತ್ತಾನೆ ಅಂತ ಅವ್ವನಿಗೂ ನನಗೂ ಹೆದರಿಕೆಯಾಯಿತು. ಅಪ್ಪನಿಗೆ ಬೇಕಾಗಿದ್ದು ಒಂದು ಸ್ಟೇರಿಂಗು, ಅಷ್ಟೇ.

ಅಷ್ಟರಲ್ಲಿ ಎಚ್.ಡಿ. ಕೋಟೆ ಕಡೆ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನವರು ಅತಿಥಿಗಳನ್ನು ಕರೆದುಕೊಂಡು ಬರುವ ವ್ಯಾನಿಗೆ ಡ್ರೈವರ್ ಬೇಕು ಅಂದರು. ಕಾಡಂಚಿನ ರಸ್ತೆ ಗೊತ್ತಿರಬೇಕು, ಆನೆ ಅಡ್ಡ ಬಂದರೆ ಗಾಬರಿ ಬೀಳಬಾರದು, ರೆಸ್ಯೂಮ್ ಕಳಿಸಬೇಕು. ಅಪ್ಪನಿಗೇ ಅಳತೆ ತೆಗೆದು ಹೊಲಿದ ಕೆಲಸ ಅನ್ನಿಸಿತು ನನಗೆ.

ಲ್ಯಾಪ್‌ಟಾಪ್ ಮುಂದೆ ಅಪ್ಪನನ್ನು ಕೂರಿಸಿಕೊಂಡು ನನ್ನ ಮಾಮೂಲಿ ಪ್ರಶ್ನೆ ಹಾಕಿದೆ. "ನಿನ್ನಲ್ಲಿ ಮಾತ್ರ ಇರೋದು ಏನು ಹೇಳಪ್ಪ."

"ಏನದೆ ನನ್ನತ್ರ? ಲೈಸೆನ್ಸ್ ಅದೆ."

"ಅದು ಎಲ್ಲಾ ಡ್ರೈವರ್‌ಗೂ ಇರುತ್ತೆ."

"ಗಾಡಿ ಎಲ್ಲೂ ತಾಗ್ಸಿಲ್ಲ."

"ಅದನ್ನೂ ಎಲ್ಲಾ ಬರೀತಾರೆ."

"ಅಂಗಾದ್ರೆ ಏನೂ ಇಲ್ಲ ಕಣವ್ವ, ಬುಡು," ಅಂದು ಎದ್ದುಬಿಟ್ಟ. ನನಗೆ ಸಿಟ್ಟು ಬಂತು. ಈ ಮನುಷ್ಯನಿಗೆ ತನ್ನ ಬೆಲೆಯೇ ಗೊತ್ತಿಲ್ಲವಲ್ಲ ಅಂತ ಗೊಣಗಿಕೊಂಡು, ನಾನೇ ಯೋಚಿಸುತ್ತಾ ಕೂತೆ. ಆಗ ನೆನಪಾಗಿದ್ದು ಬಾನೆಟ್ಟು.

ಅಪ್ಪನ ಸೀಟಿನ ಪಕ್ಕದ ಬಾನೆಟ್ ಮೇಲೆ ಯಾವಾಗಲೂ ಊರವರ ಸಾಮಾನು. ನಮ್ಮ ಕಡೆಯ ಹಳ್ಳಿ ಬಸ್ಸುಗಳಲ್ಲಿ ಇದು ಮೊದಲಿನಿಂದ ನಡೆದುಬಂದ ರೂಢಿ; ಯಾರೂ ಇದಕ್ಕೆ ಕಾಸು ಕೇಳುವುದಿಲ್ಲ, ಕೊಡುವುದೂ ಇಲ್ಲ. ಪೇಟೆಯಲ್ಲಿ ಓದುವ ಮಗಳಿಗೆ ಊಟದ ಡಬ್ಬಿ, ರಿಪೇರಿಗೆ ಮಿಕ್ಸಿ ಜಾರು, ಸುಟ್ಟುಹೋದ ಪಂಪ್‌ಸೆಟ್ ಮೋಟರು, ಯಾರದೋ ಕನ್ನಡಕ, ಕಟ್ಟಿದ ಹಾರ, ಲಗ್ನಪತ್ರಿಕೆ. ಸ್ಟಾಪಿನಲ್ಲಿ ನಿಂತು ಕೈ ಎತ್ತಿದರೆ ಸಾಕು, ಅಪ್ಪ ಬ್ರೇಕ್ ಒತ್ತಿ ಕಿಟಕಿಯಿಂದಲೇ ಈಸಿಕೊಳ್ಳುತ್ತಿದ್ದ. ಅರಳಿಮರದ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸಕ್ಕರೆ ಕಾಯಿಲೆ ಮಾತ್ರೆ ಮುಗಿದ ತಕ್ಷಣ ಅದರ ಬೆಳ್ಳಿ ಬಣ್ಣದ ಖಾಲಿ ಪಟ್ಟಿಯನ್ನು ಹಿಡಿದುಕೊಂಡು ರಸ್ತೆಗೆ ಬಂದು ನಿಲ್ಲುತ್ತಾರೆ. ಓದು ಬರಹ ಬಾರದ ಅವರಿಗೆ ಆ ಖಾಲಿ ಪಟ್ಟಿಯೇ ಚೀಟಿ. ಬಿಸಿಲಿಗೆ ಅದು ಮಿಣಮಿಣ ಅನ್ನುವುದು ದೂರದಿಂದಲೇ ಕಾಣುತ್ತಿತ್ತು. ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು, ಹುಣಸೂರಿನ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ, ಮುಂದಿನ ಟ್ರಿಪ್ಪಿಗೆ ಹೊಸ ಪಟ್ಟಿ ಅವರ ಕೈಗಿಡುತ್ತಿದ್ದ.

ಇದನ್ನೇ ಬರೆದೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದೆ. ದಾರಿಯ ಹಳ್ಳಿಗಳ ಜನ ಔಷಧಿ, ಊಟ, ಬೆಲೆಬಾಳುವ ವಸ್ತು ಎಲ್ಲವನ್ನೂ ಇವರನ್ನು ನಂಬಿ ಕೊಡುತ್ತಿದ್ದರು, ಯಾರು ಕೈ ಎತ್ತಿದರೂ ಇವರು ನಿಲ್ಲಿಸದೆ ಹೋದವರಲ್ಲ, ಒಂದು ಸಾಮಾನೂ ಇವರ ಕೈಯಲ್ಲಿ ಕಳೆದಿಲ್ಲ. ಕೊನೆಯ ಸಾಲಾಗಿ, ದಪ್ಪ ಅಕ್ಷರದಲ್ಲಿ. ಅಪ್ಪನಿಗೆ ಓದಿ ಹೇಳಿದಾಗ, "ಅದೇನ್ ದೊಡ್ ವಿಸ್ಯ ಅಂತ ಬರ್ದಿಯವ್ವ? ಎಲ್ಲಾ ಡ್ರೈವರ್‌ಗೋಳೂ ಮಾಡದೇ ಕಣ ಅದು," ಅಂದ. ಆದರೆ ಅವ್ವನನ್ನು ಕರೆದು ಅವಳಿಗೂ ನನ್ನ ಕೈಲಿ ಓದಿ ಹೇಳಿಸಿದ.

ನಾನಂದುಕೊಂಡ ಹಾಗೇ ಆ ಸಾಲು ಎದ್ದು ಕಂಡಿತು. ಇಂಟರ್ವ್ಯೂಗೆ ಕರೆದರು. ಮ್ಯಾನೇಜರ್ ಹೊರರಾಜ್ಯದವರು, ಕನ್ನಡ ಅಷ್ಟಾಗಿ ಬಾರದು, ಹಾಗಾಗಿ ಮಾತು ದಾಟಿಸಲು ನನ್ನನ್ನೂ ಒಳಗೆ ಕೂರಿಸಿದರು. ಒಳ್ಳೆಯ ಮನುಷ್ಯರೇ, ಟೀ ತರಿಸಿದರು. ರಸ್ತೆ, ಆನೆ, ಗಾಡಿ ಎಲ್ಲದರ ಬಗ್ಗೆ ಕೇಳಿ ತಲೆಯಾಡಿಸಿದರು. ಆಮೇಲೆ ಕಾಗದದ ಕೊನೆಗೆ ಬಂದು, ಪೆನ್ನು ಅಲ್ಲೇ ನಿಲ್ಲಿಸಿದರು. ಇವರು ದಾರಿಯಲ್ಲಿ ಯಾರು ಏನು ಕೊಟ್ಟರೂ ಗಾಡಿಯಲ್ಲಿ ತರುತ್ತಾರಾ ಅಂತ ನನ್ನನ್ನು ಕೇಳಿದರು. ಅರಣ್ಯದ ಗೇಟಿನಲ್ಲಿ ಪ್ರತಿ ಗಾಡಿಯನ್ನೂ ತಪಾಸಣೆ ಮಾಡುತ್ತಾರೆ, ಯಾರದೋ ಪೊಟ್ಟಣದಲ್ಲಿ ಏನೋ ಸಿಕ್ಕರೆ ಅತಿಥಿಗಳ ಮುಂದೆ ನಮ್ಮ ಮಾನ ಹೋಗುತ್ತದೆ, ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹಾಗೇ ಇಲ್ಲ ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಅಪ್ಪನಿಗೆ ವಿಷಯ ಹೇಳಿ, ಕನ್ನಡದಲ್ಲೇ ಮೆಲ್ಲಗೆ, "ಅದೆಲ್ಲ ಹಳೇ ಕಾಲದ್ದು, ಈಗ ಮಾಡಲ್ಲ ಅನ್ನಪ್ಪ. ನನ್ನ ಮಗಳು ಸುಮ್ಮನೆ ಚಂದಕ್ಕೆ ಬರೆದಿದ್ದಾಳೆ ಅನ್ನು," ಅಂದೆ.

ಅಪ್ಪ ಮೇಜಿನ ಮೇಲಿದ್ದ ಕಾಗದ ನೋಡಿದ, ನನ್ನ ಮುಖ ನೋಡಿದ. "ಬರ್ದಿರದು ದಿಟ ಸಾರ್," ಅಂದ ಮ್ಯಾನೇಜರಿಗೇ. "ನನ್ ಮಗ್ಳು ಸುಳ್ ಬರೆಯಾಕಿಲ್ಲ."

"ಇಲ್ಲಿಗೆ ಸೇರಿದ ಮೇಲೂ ದಾರೀಲಿ ಯಾರಾದ್ರೂ ಕೈ ಎತ್ತಿದ್ರೆ ನಿಲ್ಲಿಸ್ತೀರಾ ಅಂತ ಕೇಳ್ತಿದಾರೆ, ಇಲ್ಲ ಅನ್ನಪ್ಪ."

"ಅದೆಂಗವ್ವ ಇಲ್ಲ ಅನ್ನದು? ಈಗ್ಲೇ ದಿಟ ಅಂದಿವ್ನಿ."

ಇದನ್ನು ನಾನೇ ಇಂಗ್ಲಿಷಿಗೆ ದಾಟಿಸಬೇಕಾಯಿತು. ಬೇರೆ ಏನಾದರೂ ಹೇಳಬಹುದಿತ್ತು, ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನನ್ನ ಮಗಳು ಸುಳ್ಳು ಬರೆಯುವುದಿಲ್ಲ ಅಂದವನ ಪಕ್ಕದಲ್ಲೇ ಕೂತು ಸುಳ್ಳು ಹೇಳುವುದಕ್ಕೆ ನನಗೆ ನಾಲಿಗೆ ಹೊರಳಲಿಲ್ಲ. ತಿಳಿಸುತ್ತೇವೆ ಅಂದರು ಮ್ಯಾನೇಜರ್. ಕಾದೆವು, ತಿಳಿಸಲಿಲ್ಲ.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಒಂದು ಮಾತೂ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು, ನಾನೂ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಮನೆಗೆ ಬಂದ ಕೂಡಲೇ ಅವ್ವ ಏನಾಯಿತು ಅಂದಾಗ, "ವಯಸ್ಸಾಯ್ತು ಅಂದ್ರು ಕಣಮ್ಮಿ, ಹುಡುಗ್ರೇ ಬೇಕಂತೆ," ಅಂದುಬಿಟ್ಟ. ಅಪ್ಪ ನನ್ನ ಸಲುವಾಗಿ ತಾನು ಮುದುಕನಾದ. ಅಲ್ಲೇ ಬಾಗಿಲಲ್ಲಿ ನಿಂತಿದ್ದ ನಾನು ಅಲ್ಲ ಅನ್ನಲಿಲ್ಲ. ಅವ್ವನಿಗೆ ಇವತ್ತಿಗೂ ಅದೇ ಗೊತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಶಾಲೆಯ ಬಸ್ಸಿಗೇ ಡ್ರೈವರ್ ಬೇಕಾಯಿತು. ಯಾರೇ ಆಗಲಿ ರೆಸ್ಯೂಮ್ ಕೊಡಲೇಬೇಕು ಅಂತ ನಮ್ಮ ಹೆಡ್‌ಮಿಸ್ ಹೇಳಿದರು. ಹಳೆಯ ಫೈಲ್ ತೆರೆದೆ. ಕೊನೆಯ ಸಾಲಿನ ಮೇಲೆ ಮೌಸ್ ಎಳೆದೆ, ಅದು ನೀಲಿಯಾಯಿತು, ಒತ್ತಿದೆ, ಹೋಯಿತು. ಅದರ ಜಾಗದಲ್ಲಿ, ಬಂದವರಿಗೆಲ್ಲ ಬೇಡ ಅನ್ನುತ್ತಿದ್ದ ಮಾತುಗಳನ್ನೇ ತುಂಬಿದೆ: ಶಿಸ್ತಿನವರು, ಪ್ರಾಮಾಣಿಕರು, ನಿಯಮ ಪಾಲಿಸುವವರು. ಅಪ್ಪನಿಗೆ ಇಂಗ್ಲಿಷ್ ಬಾರದಿದ್ದರೂ ಕಾಗದವನ್ನು ಕೈಗೆ ತೆಗೆದುಕೊಂಡು ಕೊನೆಯಲ್ಲಿ ದಪ್ಪ ಅಕ್ಷರ ಇದ್ದ ಕಡೆ ಬೆರಳಾಡಿಸಿದ.

"ಇಲ್ಲಿತ್ತಲ್ಲ, ಅದು?"

"ತೆಗೆದೆ ಅಪ್ಪ. ಶಿಸ್ತಿನವರು, ರೂಲ್ಸ್ ತಪ್ಪಲ್ಲ ಅಂತ ಬರೆದಿದೀನಿ."

"ಊಂ. ಒಳ್ಳೇದಾಯ್ತು ಬುಡು."

ಕೆಲಸ ಸಿಕ್ಕಿತು. ರಾಶಿಯಲ್ಲಿ ಯಾರ ಕಣ್ಣಿಗೂ ಬೀಳದಂಥ ರೆಸ್ಯೂಮಿಗೆ ಕೆಲಸ ಸಿಕ್ಕಿತು. ಅವ್ವ ಪಾಯಸ ಮಾಡಿದಳು. ಅಪ್ಪ ಮತ್ತೆ ಖಾಕಿ ಹಾಕಿಕೊಂಡು ಹೊರಟ. ನನ್ನ ಎದೆ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ.

ಟೀಚರ್‌ಗಳಾದ ನಾವೂ ಅದೇ ಬಸ್ಸಿನಲ್ಲಿ ಹೋಗುತ್ತೇವೆ. ಹೊಸ ಬಸ್ಸು, ಒಳಗೆ ಕ್ಯಾಮೆರಾ, ಗಾಡಿ ಎಲ್ಲಿದೆ ಅಂತ ತೋರಿಸುವ ಯಂತ್ರ ಬೇರೆ. ಮಕ್ಕಳು ಹತ್ತುವ ಸ್ಟಾಪು ಬಿಟ್ಟು ಎಲ್ಲೂ ನಿಲ್ಲಿಸುವಂತಿಲ್ಲ, ಹೊರಗಿನ ಯಾವ ಸಾಮಾನೂ ಒಳಗೆ ಬರುವಂತಿಲ್ಲ. ಮಕ್ಕಳ ಗಾಡಿ, ಇರಬೇಕಾದ್ದೇ. ಅಪ್ಪನ ಹಳೆಯ ರೂಟಿನ ಅರ್ಧ ದಾರಿ ಇದೇ ಬಸ್ಸಿನದು. ಒಂದು ಬೆಳಿಗ್ಗೆ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಎಲೆ ಮುರಿಯುವ ಹೆಂಗಸರು ಆಗಲೇ ಇಳಿದಿದ್ದರು. ನಮ್ಮ ಶಾಲೆಯ ಮಕ್ಕಳಾರೂ ಹತ್ತದ ಅರಳಿಮರದ ಸ್ಟಾಪು ಇನ್ನೂ ದೂರವಿರುವಾಗಲೇ ಮರದ ಕೆಳಗೆ ಮಿಣಮಿಣ ಅಂದದ್ದು ಕಂಡಿತು. ಅಜ್ಜಿ ಖಾಲಿ ಪಟ್ಟಿ ಹಿಡಿದು ಕೈ ಎತ್ತಿದ್ದರು. ಸ್ಟೇರಿಂಗ್ ಹಿಡಿದಿರುವವನು ಡ್ರೈವರಣ್ಣ ಅಂತ ಗುರುತು ಸಿಕ್ಕಿ ಅವರ ಮುಖ ಅರಳಿತು. ಅಪ್ಪನ ಕಾಲು ಬ್ರೇಕಿನ ಕಡೆ ಹೋಯಿತು, ನಾನು ನೋಡಿದೆ. ಮತ್ತೆ ಆಕ್ಸಿಲರೇಟರಿಗೇ ಬಂತು. ಬಸ್ಸು ಮುಂದೆ ಹೋಯಿತು. ತಿರುವು ಬರುವ ತನಕ ಅಪ್ಪ ಕನ್ನಡಿ ನೋಡುತ್ತಲೇ ಇದ್ದ.

ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಇಳಿದ ಮೇಲೆ ನಾನು ಹಿಂದೆ ಉಳಿದೆ. ಅಪ್ಪ ಬಟ್ಟೆ ತೆಗೆದುಕೊಂಡು ಮುಂದಿನ ಗಾಜು ಒರೆಸುತ್ತಿದ್ದ.

"ಅಜ್ಜಿ ನಿಂತಿದ್ರಲ್ಲಪ್ಪ."

"ನೋಡ್ದೆ ಕಣವ್ವ."

"ಒಂದು ನಿಮಿಷ ನಿಲ್ಲಿಸಿದ್ರೆ ಯಾರೂ ಏನೂ ಅಂತಿರಲಿಲ್ಲ."

ಅಪ್ಪ ಒರೆಸುವುದನ್ನು ನಿಲ್ಲಿಸಲಿಲ್ಲ. "ರೂಲ್ಸ್ ತಪ್ಪಲ್ಲ ಅಂತ ನೀನೇ ಬರ್ದು ಕೊಟ್ಟಿದೀಯಲ್ಲ ಮಗ. ಅಲ್ಲೂ ದಿಟ ಅಂದೆ, ಇಲ್ಲೂ ದಿಟ ಅನ್ನಬೇಕು."

ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಬರೆದದ್ದನ್ನೆಲ್ಲ ದಿಟ ಮಾಡುವುದು ತನ್ನ ಜವಾಬ್ದಾರಿ ಅಂತ ಅಪ್ಪ ತಿಳಿದುಕೊಂಡಿದ್ದ. ಮೊದಲ ಸಲ ಅದಕ್ಕೆ ಕೆಲಸ ಕಳೆದುಕೊಂಡ, ಈ ಸಲ ತಾನು ಇದ್ದ ರೀತಿಯನ್ನೇ ಬಿಟ್ಟ. ಪ್ರಾರ್ಥನೆಯ ಬೆಲ್ಲು ಹೊಡೆಯಿತು, ಹೋದೆ. ಇಡೀ ದಿನ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಸಂಜೆ ಮೆಡಿಕಲ್ ಸ್ಟೋರಿಗೆ ಹೋಗಿ, ಅರಳಿಮರದ ಅಜ್ಜಿಯ ಮಾತ್ರೆ ಕೊಡಿ ಅಂದೆ. ಯಾವ ಮಾತ್ರೆ ಅಂದರು. ನನಗೆ ಗೊತ್ತಿರಲಿಲ್ಲ. ಖಾಲಿ ಪಟ್ಟಿ ಇಲ್ಲದೆ ಕೊಡೋದಕ್ಕೆ ಆಗಲ್ಲ ಅಂದರು. ಸ್ಕೂಟಿ ತಿರುಗಿಸಿಕೊಂಡು ಅರಳಿಮರದ ತನಕ ಹೋದೆ. ಅಜ್ಜಿ ಮನೆ ಮುಂದೆ ಕೂತು ಅಲಸಂದೆ ಕಾಯಿ ಬಿಡಿಸುತ್ತಿದ್ದರು. ಪಟ್ಟಿ ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು. ಕೇಳಿದ ಕೂಡಲೇ ಬಿಚ್ಚಿ ಕೊಟ್ಟರು, ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ನಿಮ್ಮಪ್ಪ ಚಂದಾಗವ್ನೇನವ್ವ?" ಅಂದರು. "ಬೆಳಿಗ್ಗೆ ಇಷ್ಟ್ ಹತ್ರ ನಿಂತಿವ್ನಿ, ಕಾಣ್ಲಿಲ್ಲ ಅವ್ನಿಗೆ. ಕಣ್ಣು ಮಂದ ಆಗದೆ ಕಣವ್ವ, ಪಾಪ. ಇಲ್ದಿದ್ರೆ ನಿಲ್ಲುಸ್ದೆ ಓಗೋನಾ ಅವನು? ನೀನು ಓದಿರೋಳು, ಒಂದ್ಸಲ ಡಾಕ್ಟ್ರಿಗೆ ತೋರ್ಸು."

ಕಣ್ಣು ಚೆನ್ನಾಗಿಯೇ ಇದೆ ಅಜ್ಜಿ ಅನ್ನಬೇಕಿತ್ತು. ಅಂದಿದ್ದರೆ, ಮತ್ತೆ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳುತ್ತಿದ್ದರು.

"ಹೂಂ ಅಜ್ಜಿ," ಅಂದೆ, "ತೋರಿಸ್ತೀನಿ."