ಕಾರಿನ ಜೊತೆ ಬಂದ ಮೂಟೆ

ಕಾರು ಕೊಂಡ ದಿನ ತಮ್ಮ ನನಗೆ ಏನು ಹೇಳಿದ, ಏನು ಹೇಳಲಿಲ್ಲ ಎನ್ನುವುದು ಈಗ ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಅವನ ಜೊತೆ ಜಗಳವಾಡಿದೆ. ಬರೆದರೆ ಸ್ಪಷ್ಟವಾಗುತ್ತದೆ ಎಂದು ಹಿಂದೆಲ್ಲ ನಂಬಿದ್ದೆ. ಈಗ ಆ ನಂಬಿಕೆಯೂ ಅಷ್ಟಿಲ್ಲ. ವಾಕ್ಯ ಚೆನ್ನಾಗಿ ಕೂರಲಿ ಎಂದು ನಾನೇ ಒಂದಿಷ್ಟು ಸೇರಿಸಿಬಿಡುತ್ತೇನೆ.

ನಾನು ನಾಗರಬಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಸವೇಶ್ವರನಗರದ ಮನೆಯಲ್ಲಿ ನಾನು ಮತ್ತು ಅಮ್ಮ. ತಮ್ಮ ಕೆಂಗೇರಿಯಲ್ಲಿದ್ದಾನೆ, ಟೈಲ್ಸ್ ಅಂಗಡಿಯೊಂದರ ಮ್ಯಾನೇಜರು. ವಾರಕ್ಕೊಮ್ಮೆಯಾದರೂ ಬಂದು ಅಮ್ಮನ ಕೈಯ ತಿಂಡಿ ತಿಂದು, ನನ್ನನ್ನು ರೇಗಿಸಿ ಹೋಗುವುದು ಅವನ ಅಭ್ಯಾಸ. ಸ್ಕೂಟರಿನಲ್ಲಿ ಓಡಾಡಿ ನನ್ನ ಬೆನ್ನುನೋವು ಹೆಚ್ಚಾದಾಗ, ಒಂದು ಸಣ್ಣ ಹಳೇ ಕಾರು ನೋಡು ಎಂದು ಅವನಿಗೇ ಹೇಳಿದ್ದೆ. ಅವನು ತೋರಿಸಿದ್ದು ಸಣ್ಣ ಕಾರೇ, ಬೂದು ಬಣ್ಣದ್ದು. ಆದರೆ ನೆಲಕ್ಕೆ ತೀರಾ ಹತ್ತಿರ ಕೂತಿತ್ತು, ಟೈರುಗಳು ಅಗಲವಾಗಿದ್ದವು, ಸ್ಟಾರ್ಟ್ ಮಾಡಿದರೆ ಎದುರು ಮನೆಯ ನಾಯಿ ಎದ್ದು ನಿಲ್ಲುವಂತಿತ್ತು. ಮಾರುತ್ತಿದ್ದ ಹುಡುಗ ತಮ್ಮನ ಪರಿಚಯದವನು. ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಸೈಲೆನ್ಸರಿನ ಪೈಪು ಬದಲಿಸಿ, ಸ್ಪ್ರಿಂಗುಗಳನ್ನು ತಗ್ಗಿಸಿ, ಒಟ್ಟಿನಲ್ಲಿ ಕಂಪನಿಯವರು ಮಾಡಿದ್ದನ್ನೆಲ್ಲ ಯಾರ ಯಾರ ಕೈಯಲ್ಲೋ ತಿದ್ದಿಸಿದ್ದ.

"ಅಕ್ಕ, ಇದೇ ದುಡ್ಡಿಗೆ ಒಂದು ಡಬ್ಬಿ ಬರುತ್ತೆ, ಇಲ್ಲಾಂದ್ರೆ ಇದು ಬರುತ್ತೆ. ನೀನೇ ಹೇಳು," ಎಂದ ತಮ್ಮ.

"ನಂಗ್ಯಾಕೋ ಇದು? ನಾನೇನು ರೇಸಿಗೆ ಹೋಗ್ತೀನಾ?"

"ಒಂದ್ಸಲ ಓಡ್ಸು. ಆಮೇಲೆ ಬೇಡ ಅನ್ನು, ನಾನೇ ಡಬ್ಬಿ ಕೊಡಿಸ್ತೀನಿ."

ಕೆಂಗೇರಿಯ ಆಚೆ ಟೋಲ್ ರಸ್ತೆಯಲ್ಲಿ ಓಡಿಸಿದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಯಾರೋ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಂತಾಯಿತು. ನಾನು ನಕ್ಕೆನಂತೆ. ನಕ್ಕಿದ್ದು ನನಗೆ ನೆನಪಿಲ್ಲ, ತಮ್ಮ ಎಲ್ಲರಿಗೂ ಹೇಳಿ ಹೇಳಿ ಈಗ ನೆನಪಿದೆ ಎಂದೇ ಅನಿಸುತ್ತದೆ. ಬೇಡ ಎನ್ನಲು ಬಾಯಿ ಬರಲಿಲ್ಲ, ಅದು ಮಾತ್ರ ನಿಜ.

ಕೊಂಡ ಮೇಲೆ ಮೈಸೂರು ರಸ್ತೆಯ ಆಂಜನೇಯನ ಗುಡಿಯ ಮುಂದೆ ಪೂಜೆ ಮಾಡಿಸಿದೆವು. ಅರ್ಚಕರು ಬಾನೆಟ್ ತೆರೆಸಿ ಎಂಜಿನ್ನಿಗೂ ಕುಂಕುಮ ಇಟ್ಟರು. ತಮ್ಮ ಬಗ್ಗಿ ಟೈರುಗಳ ಮುಂದೆ ನಿಂಬೆಹಣ್ಣು ಇಡುತ್ತಾ ನನಗೆ ಏನೋ ಹೇಳುತ್ತಿದ್ದ. ಎಂಜಿನ್ ಓಡುತ್ತಿತ್ತು, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ನಾನು ಸ್ಟೀರಿಂಗ್ ಹಿಡಿದು "ಹ್ಞೂಂ, ಹ್ಞೂಂ" ಅನ್ನುತ್ತಿದ್ದೆ. ಅದೇ ದಿನ ತಮ್ಮ ಒಂದು ಗೋಣಿಮೂಟೆ ತಂದು ನಮ್ಮ ಮೆಟ್ಟಿಲ ಕೆಳಗೆ ಇಟ್ಟು ಹೋದ. ಒಳಗೆ ಕಬ್ಬಿಣ, ತುಂಬ ಭಾರ. ನಾನು ಬಾಯಿ ಬಿಚ್ಚಿಯೂ ನೋಡಲಿಲ್ಲ.

ಮೊದಲು ಹೋದದ್ದು ಶಾಕ್ ಅಬ್ಸಾರ್ಬರು. ಮಳೆ ಶುರುವಾಗಿ ಮೂಡಲಪಾಳ್ಯದ ಹಂಪುಗಳೂ ಗುಂಡಿಗಳೂ ಒಂದೇ ಮಟ್ಟಕ್ಕೆ ಬಂದಿದ್ದವು. ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ದರೆ, ಕೌಂಟರಿನ ಹುಡುಗಿ ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ ಬಂದು, "ಮೇಡಂ, ಇದು ನಮ್ಮ ಗಾಡಿನೇ, ಆದ್ರೆ ನಮ್ಮ ಗಾಡಿ ಅಲ್ಲ. ಮಾಡಿಫೈ ಆಗಿರೋದನ್ನ ಮುಟ್ಟಲ್ಲ," ಎಂದಳು. ಹಾಗಾಗಿ ಮಾಗಡಿ ರಸ್ತೆಯಿಂದ ಒಳಗೆ, ಕಾಮಾಕ್ಷಿಪಾಳ್ಯದಲ್ಲಿ ತಮ್ಮನಿಗೆ ಗೊತ್ತಿದ್ದ ಒಂದು ಗ್ಯಾರೇಜು ಗತಿಯಾಯಿತು. ಅಲ್ಲಿನ ಮೆಕ್ಯಾನಿಕ್ ಮಾತುಗಾರ. ಅವನಿಗೂ ಈ ಕಾರು ಪೂರ್ತಿ ಅರ್ಥವಾಗಿತ್ತು ಎಂದು ನನಗೆ ಅನಿಸಿಲ್ಲ. ಒಂದು ಭಾಗ ಬಿಚ್ಚಿದರೆ ಇನ್ನೊಂದು ಕಾರಿನ ಭಾಗ ಸಿಗುತ್ತಿತ್ತು. "ಯಾರು ಗುರು ಇದನ್ನ ಹಾಕಿದ್ದು?" ಎಂದು ಅವನು ಎಂಜಿನ್ನನ್ನೇ ಕೇಳುತ್ತಿದ್ದ.

ದಸರಾ ಕಳೆದ ಮೇಲೆ, ವರ್ತುಲ ರಸ್ತೆಯ ಮೇಲ್ಸೇತುವೆ ಹತ್ತುವಾಗ ಎಂಜಿನ್ ಕೂಗಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಪಕ್ಕದಲ್ಲಿ ಬಿ.ಎಂ.ಟಿ.ಸಿ. ಬಸ್ಸು ನಿಧಾನವಾಗಿ ನನ್ನನ್ನು ದಾಟಿತು. ಕ್ಲಚ್ ಸವೆದಿದೆ ಎಂದು ತಿಳಿಯಿತು. ಕ್ಲಚ್ಚಿಗೆಂದು ಬಿಚ್ಚಿದಾಗ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಣ್ಣೆ ಕುಡಿಯುತ್ತಿದೆ ಎಂದು ತಿಳಿಯಿತು. ಎರಡನ್ನೂ ಸರಿಪಡಿಸಿ ಹೊಗೆ ಪರೀಕ್ಷೆಗೆ ಒಯ್ದರೆ ಕಾರು ನಪಾಸು. ಹೊಗೆ ಶುದ್ಧಿ ಮಾಡುವ ಡಬ್ಬವನ್ನೇ ತೆಗೆದು, ಬರೀ ಪೈಪು ಕೂರಿಸಿದ್ದರಂತೆ. ಕಂಪನಿಯಿಂದ ಹೊಸದು ತರಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಆ ದುಡ್ಡಿಗೆ ನನ್ನ ಹಳೇ ಸ್ಕೂಟರಿನಂಥವು ಮೂರು ಬರುತ್ತಿದ್ದವು. ಅದುವರೆಗಿನ ರಿಪೇರಿಗೆ ಆಗಲೇ ಸಂಬಳದ ಉಳಿತಾಯ ಮುಗಿದಿತ್ತು.

"ಹೊಸದ್ಯಾಕೆ ಮೇಡಂ? ಇಂಥ ಗಾಡಿ ಮಾರೋರು ಒರಿಜಿನಲ್ ಪೈಪು ಡಬ್ಬ ಎಲ್ಲಾ ಮೂಟೆ ಕಟ್ಟಿ ಕೊಟ್ಟಿರ್ತಾರಲ್ಲ, ಅದನ್ನೇ ಹಾಕೋಣ," ಎಂದ ಮೆಕ್ಯಾನಿಕ್. ಆಮೇಲೆ ಸ್ಪ್ಯಾನರ್ ಒರೆಸುತ್ತಾ, "ಕ್ಲಚ್ ಹೋಗುತ್ತೆ ಅಂತ ನಿಮ್ಮ ತಮ್ಮಂಗೆ ಅವತ್ತೇ ಹೇಳಿದ್ನಲ್ಲ. ತಗೊಳೋಕೆ ಮುಂಚೆ ಇಲ್ಲೇ ತಂದು ತೋರ್ಸಿದ್ರು," ಎಂದ.

ಅವನು ಅದನ್ನು ಬೇಕೆಂದು ಹೇಳಿದ್ದಲ್ಲ. ನಾನು ಅಲ್ಲಿಂದ ಮನೆಗೆ ಹೇಗೆ ಬಂದೆ ಎಂಬುದು ನೆನಪಿಲ್ಲ, ಆಟೋದಲ್ಲಿ ಇರಬೇಕು. ಮೆಟ್ಟಿಲ ಕೆಳಗೆ ನೋಡಿದೆ. ಮೂಟೆ ಇರಲಿಲ್ಲ.

"ಅಮ್ಮ, ಇಲ್ಲಿದ್ದ ಮೂಟೆ?"

"ಆಯುಧಪೂಜೆಗೆ ಮನೆ ತೊಳೆಯೋವಾಗ ಗುಜರಿಯವನಿಗೆ ಹಾಕ್ದೆ. ಕಬ್ಬಿಣ ಅಂದ್ಮೇಲೆ ಅವತ್ತು ಅದಕ್ಕೂ ಅರಿಶಿನ ಕುಂಕುಮ ಇಡ್ಬೇಕು. ಇಡೋಕೆ ಅದು ಏನು ಅಂತ ಗೊತ್ತಿರ್ಬೇಕಲ್ಲ? ನಿನ್ನ ಕೇಳಿದ್ದೆ ಕಣೇ. ಏನಾದ್ರೂ ಮಾಡು ಅಂತ ನೀನೇ ಅಂದೆ."

ಕುಡುಗೋಲು, ಈಳಿಗೆ, ನನ್ನ ಪೆನ್ನು, ಹೊಲಿಗೆ ಯಂತ್ರ, ಹೊರಗೆ ನಿಂತ ಕಾರು, ಎಲ್ಲಕ್ಕೂ ಅಂದು ಅಮ್ಮ ಕುಂಕುಮ ಇಟ್ಟಿದ್ದಳು. ಆ ಕಾರಿನದೇ ಅಂಗಗಳನ್ನು ಮಾತ್ರ ಹಬ್ಬದ ಸಲುವಾಗಿ ತಳ್ಳುಗಾಡಿಗೆ ಹಾಕಿ, ಬದಲಿಗೆ ಒಂದು ನೀಲಿ ಬಕೆಟ್ ಪಡೆದಿದ್ದಳು. ಅವಳು ನನ್ನನ್ನು ಕೇಳಿದ್ದಳೇ? ಆ ದಿನಗಳಲ್ಲಿ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. 'ಏನಾದ್ರೂ ಮಾಡು' ಎಂಬುದು ನಾನು ದಿನಕ್ಕೆ ಎಷ್ಟೋ ಸಲ ಹೇಳುವ ಮಾತು.

ತಮ್ಮನಿಗೆ ಫೋನ್ ಮಾಡಿ ಮೂಟೆಯ ವಿಷಯ ಎತ್ತುವ ಮೊದಲೇ ಕೇಳಿಬಿಟ್ಟೆ. "ಕ್ಲಚ್ ಹೋಗುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಹೇಳಿದ್ನಲ್ಲ ಅಕ್ಕ ನಿಂಗೆ."

"ಯಾವಾಗ?"

"ಪೂಜೆ ದಿನ. ಗುಡಿ ಹತ್ರ."

"ಹೇಳಿಲ್ಲ ನೀನು. ಸ್ನೇಹಿತನ ಗಾಡಿ ಮಾರಿಸ್ಬೇಕಿತ್ತು, ಅಕ್ಕನ ತಲೆಗೆ ಕಟ್ಟಿದೆ."

ಅವನು "ಸರಿ ಬಿಡು," ಎಂದು ಫೋನ್ ಇಟ್ಟ. ಆಮೇಲೆ ಅವನು ಮನೆಗೆ ಬರುವುದು ನಿಂತಿತು. ಅಮ್ಮ ವಾರಗಟ್ಟಲೆ ದೋಸೆಹಿಟ್ಟು ಜಾಸ್ತಿ ರುಬ್ಬಿದಳು, ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟಳು. ನನ್ನ ತಲೆಯಲ್ಲಿ ಗುಡಿಯ ಮುಂದಿನ ಆ ಹೊತ್ತು ತಿರುಗುತ್ತಲೇ ಇತ್ತು. ಅವನು ಬಗ್ಗಿ ಹೇಳುತ್ತಿದ್ದಾನೆ, ನಾನು ಹ್ಞೂಂಗುಟ್ಟುತ್ತಿದ್ದೇನೆ. ಕೆಲವು ದಿನ ಅವನ ಬಾಯಲ್ಲಿ ಕ್ಲಚ್ ಎಂಬ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನು ಕೆಲವು ದಿನ ಅವನು "ಸ್ವಲ್ಪ ಎಡಕ್ಕೆ ತಿರುಗ್ಸು" ಎನ್ನುತ್ತಿದ್ದ. ತಮ್ಮ ಮೋಸ ಮಾಡಿದನೋ, ಇಲ್ಲ ನಾನು ತಮ್ಮನಿಗೆ ಸಲ್ಲದ ಮಾತು ಆಡಿದೆನೋ, ಇದನ್ನು ತೀರ್ಮಾನಿಸದೆ ಅವನನ್ನು ಕರೆಯುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಸಾಕ್ಷ್ಯಗಳನ್ನು ತೂಗುವುದು ಹೇಗೆ ಎಂದು ಹೇಳಿಕೊಡುತ್ತೇನೆ. ಇಲ್ಲಿ ಎರಡೂ ಕಡೆಯ ಸಾಕ್ಷಿ ನಾನೇ.

ಕೊನೆಗೆ ಕರೆದವಳು ಅಮ್ಮ. ಗುಜರಿಯವನ ತಳ್ಳುಗಾಡಿಯ ಮಾಲು ಕಾಮಾಕ್ಷಿಪಾಳ್ಯದ ಒಂದು ಗೋದಾಮಿಗೆ ಹೋಗುತ್ತದೆಂದು ವಿಚಾರಿಸಿ, ನಮ್ಮಿಬ್ಬರಿಗೂ ಬೇರೆಬೇರೆ ಫೋನ್ ಮಾಡಿ ಒಂದೇ ಹೊತ್ತಿಗೆ ಅಲ್ಲಿಗೆ ಕಳಿಸಿದಳು. ನಾನು ಮನೆಯೊಳಗೇ ಇದ್ದೆ. ನನಗೂ ಅಡುಗೆಮನೆಯಿಂದ ಫೋನೇ ಮಾಡಿದಳು.

ತಮ್ಮ ಗೋದಾಮಿನ ಮುಂದೆ ಬೈಕಿಗೆ ಒರಗಿ ನಿಂತಿದ್ದ. ತೆಳ್ಳಗಾದಂತೆ ಕಂಡ, ಅಥವಾ ನನಗೆ ಹಾಗೆ ಕಾಣಬೇಕಿತ್ತು. ಒಳಗೆ ಸೈಲೆನ್ಸರುಗಳದ್ದೇ ಒಂದು ಗುಡ್ಡೆ. ಮಾಲೀಕ ಬೀಡಿ ಕಚ್ಚಿಕೊಂಡು, "ನೋಡ್ಕಳಿ. ಬೆಲೆಬಾಳೋ ಡಬ್ಬ ಇದ್ದಿದ್ರೆ ಅದು ಅವತ್ತೇ ಮಾರಿ ಹೋಗಿರ್ತದೆ. ಪೈಪು ಇರಬೋದು," ಎಂದ.

ತಮ್ಮ ಕೂತು ಒಂದೊಂದನ್ನೇ ಎಳೆದ. "ಇದಾ ಅಕ್ಕ?"

"ನಂಗೇನು ಗೊತ್ತು? ನೀನು ತಾನೇ ತಂದಿದ್ದು."

"ನಾನೂ ಬಿಚ್ಚಿ ನೋಡ್ಲಿಲ್ಲ. ಒರಿಜಿನಲ್ ಪಾರ್ಟ್ಸ್ ಕೊಡಲ್ಲ ಅಂತಿದ್ದ ಗಾಡಿ ಮಾರಿದ ಹುಡುಗ, ಬೇರೆ ಮಾರ್ಕೋತೀನಿ ಅಂತ. ಜಗಳ ಆಡಿ ಇಸ್ಕೊಂಡಿದ್ದೆ. ಹಂಗೇ ಕಟ್ಟಿದ್ದನ್ನ ಹೊತ್ಕೊಂಡು ಬಂದೆ."

ಇದು ನನಗೆ ಹೊಸ ವಿಷಯ. ಅಥವಾ ಇದನ್ನೂ ಅವನು ಗುಡಿಯ ಮುಂದೆ ಹೇಳಿದ್ದನೋ ಏನೋ. ಗುಡ್ಡೆಯ ಎರಡು ಬದಿಯಲ್ಲಿ ಕೂತಿದ್ದೆವು, ಇಬ್ಬರ ಕೈಯೂ ಮಸಿ. ನಾನು ಮತ್ತೆ ಕೇಳಿದೆ, ಈ ಸಲ ಮೆಲ್ಲಗೆ. "ಕ್ಲಚ್ಚಿನ ವಿಷಯ ನಿಜವಾಗ್ಲೂ ಹೇಳಿದ್ಯೇನೋ?"

ಅವನು ಕೈಯಲ್ಲಿದ್ದ ಪೈಪನ್ನು ತಿರುಗಿಸಿ ನೋಡುತ್ತಾ, "ಹೇಳಿದೀನಿ ಅಂತ ಅನ್ಕೊಂಡಿದೀನಿ," ಎಂದ.

"ಅನ್ಕೊಂಡಿದೀಯಾ?"

"ಹೇಳ್ಬೇಕು ಅಂತ ಇದ್ದಿದ್ದಂತೂ ನೆನಪಿದೆ. ನೀನು ಖುಷಿಯಾಗಿದ್ದೆ ಅವತ್ತು. ಹೇಳಿದ್ನೋ, ನಾಳೆ ಹೇಳೋಣ ಅನ್ಕೊಂಡ್ನೋ... ಫೋನಲ್ಲಿ ನೀನು ಹಂಗಂದ್ಮೇಲೆ ನಂಗೂ ಡೌಟು ಬಂತು. ಅದಕ್ಕೇ ಬರ್ಲಿಲ್ಲ. ಸಿಟ್ಟಿಗಲ್ಲ."

ನನಗೆ ಸಮಾಧಾನವಾಯಿತೋ, ಇನ್ನಷ್ಟು ಗೊಂದಲವಾಯಿತೋ ಹೇಳಲಾರೆ. ಸಿಟ್ಟಿನ ಜಾಗದಲ್ಲಿ ಕೂರಿಸಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. "ತಲೆಗೆ ಕಟ್ಟಿದೆ ಅಂದಿದ್ದು ತಪ್ಪು," ಎಂದೆ. ಅವನು "ಅದನ್ನ ಅಂದಿದ್ದಂತೂ ಗ್ಯಾರಂಟಿ, ನಂಗೆ ಕೇಳಿಸ್ತು," ಎಂದು ನಕ್ಕ.

ಎರಡು ಪೈಪುಗಳನ್ನು ಆರಿಸಿ ತೂಕಕ್ಕೆ ಹಾಕಿಸಿದೆವು. ಮೆಕ್ಯಾನಿಕ್ ಒಂದನ್ನು ನೋಡಿದ ಕೂಡಲೇ ಪಕ್ಕಕ್ಕೆ ಎಸೆದ. ಇನ್ನೊಂದನ್ನು ಕಾರಿನ ಕೆಳಗೆ ಹಿಡಿದು ನೋಡಿ, "ಇದೇ ಇರಬೋದು, ಇಲ್ದಿದ್ರೆ ಇದರ ತಮ್ಮ. ಆದ್ರೆ ಡಬ್ಬ ಇಲ್ದೆ ಇದೊಂದೇ ಏನು ಮಾಡ್ತದೆ?" ಎಂದ. ಡಬ್ಬ ಹೊಸದೇ ಆಗಬೇಕು.

ಗ್ಯಾರೇಜಿನ ಎದುರಿಗೆ ಟೀ ಕುಡಿಯುವಾಗ ತಮ್ಮ, "ಮಾರಿಬಿಡೋಣ ಅಕ್ಕ. ಇದೇ ಸ್ಥಿತೀಲಿ ತಗೊಳೋರು ಇದಾರೆ. ಇನ್ನೂ ದುಡ್ಡು ಸುರಿಯೋದು ಬೇಡ," ಎಂದ.

"ತಗೊಳೋರಿಗೆ ಏನಂತ ಹೇಳ್ಲಿ?"

"ಗೊತ್ತಿರೋದನ್ನ ಹೇಳು."

"ಏನೇನು ಗೊತ್ತು ನಮ್ಗೆ?"

ಅವನು ಬೆರಳು ಮಡಿಚಲು ಶುರುಮಾಡಿದ. ಕ್ಲಚ್ ಹೊಸದು, ಅದು ಗೊತ್ತು. ಟರ್ಬೊ ರಿಪೇರಿಯಾಗಿದೆ, ಆದರೆ ಒಳಗೆ ಹಾಕಿದ್ದು ಯಾವ ಗಾಡಿಯದು? ಸ್ಪ್ರಿಂಗು ಯಾರು ಕತ್ತರಿಸಿದ್ದು? ಹುಡುಗನಿಗಿಂತ ಮುಂಚೆ ಯಾರ ಹತ್ತಿರ ಇತ್ತು? ಮಡಿಚಿದ ಬೆರಳನ್ನೇ ಮತ್ತೆ ಬಿಚ್ಚಿದ. ನಾನು ಕೊಳ್ಳುವವರ ಮುಂದೆ ನಿಂತು, ಅವರ ಖುಷಿ ನೋಡುತ್ತಾ, ಯಾವುದನ್ನು ಹೇಳುತ್ತೇನೆ, ಯಾವುದನ್ನು ನಾಳೆಗೆ ಇಡುತ್ತೇನೆ ಎಂದು ಯೋಚಿಸಿದೆ. ಎಲ್ಲವನ್ನೂ ಹೇಳುತ್ತೇನೆ ಎಂಬ ಭರವಸೆ ಬರಲಿಲ್ಲ.

"ಬೇಡ, ಇಟ್ಕೋತೀನಿ," ಎಂದೆ.

"ದುಡ್ಡು?"

"ಸದ್ಯಕ್ಕೆ ಬಸ್ಸಲ್ಲಿ ಓಡಾಡ್ತೀನಿ. ಡಬ್ಬ ಮುಂದೆ ನೋಡೋಣ."

ತಮ್ಮ ಟೀ ಲೋಟ ಕೆಳಗಿಟ್ಟು ಗ್ಯಾರೇಜಿನ ಕಡೆ ನೋಡಿದ. "ಇನ್ನೊಂದು ವಿಷ್ಯ ಹೇಳ್ಬೇಕು ಅಕ್ಕ. ಬ್ರೇಕಿಂದು. ಈಗ್ಲೇ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ."

ನಾನು ಅವನ ಕಡೆಗೆ ತಿರುಗಿ ಕೂತೆ.